ಸಾಲ ವಸೂಲಿಯವರ ಎದುರು ಹಿಡಿಯುವ ಕಾನೂನನ್ನು ನಮಗೆ ಪೂರ್ತಿ ಕಲಿಸಿ

ಇವರಿಗೆ,
ಸದಸ್ಯ ಕಾರ್ಯದರ್ಶಿಗಳು,
ಕರ್ನಾಟಕ ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರ, ಬೆಂಗಳೂರು

ಪ್ರತಿ: ಎಲ್ಲ ಜಿಲ್ಲಾಧಿಕಾರಿಗಳಿಗೆ, ಮತ್ತು ಊರೂರಿನ ಸಂಘಗಳಲ್ಲಿ ಸಾಲ ತೆಗೆದಿರುವ ನನ್ನ ಅಕ್ಕತಂಗಿಯರಿಗೆ

ವಿಷಯ: ಸಾಲ ವಸೂಲಿ ಕಿರುಕುಳದಲ್ಲಿ ಗ್ರಾಹಕ ಕಾನೂನನ್ನು ಎಚ್ಚರದಿಂದ ಬಳಸಲು ಜನರಿಗೆ ನೆರವು ಕೊಡುವ ಬಗ್ಗೆ

ಮಾನ್ಯರೇ,

ನಾನು ನಂಜನಗೂಡು ತಾಲೂಕಿನವಳು. ಸಣ್ಣ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದೇನೆ. ಗಂಡ ಆಟೋ ಓಡಿಸುತ್ತಾರೆ. ಎಸ್ಸೆಸ್ಸೆಲ್ಸಿವರೆಗೆ ಓದಿದ್ದೇನೆ. ಅಷ್ಟು ಓದಿರುವುದಕ್ಕೆ ನಮ್ಮ ಬೀದಿಯವರು ಅರ್ಜಿ ಬರೆಸಿಕೊಳ್ಳಲು, ಬಂದ ಕಾಗದ ಓದಿಸಿಕೊಳ್ಳಲು ನನ್ನ ಅಂಗಡಿಗೆ ಬರುತ್ತಾರೆ.

ಹೋದ ತಿಂಗಳು ಪಕ್ಕದ ಊರಿನಲ್ಲಿ ಒಂದು ಕಾನೂನು ಅರಿವು ಸಭೆ ನಡೆಯಿತು. ನಾನೂ ಹೋಗಿದ್ದೆ. ಶಾಮಿಯಾನದ ತುಂಬ ಹೆಣ್ಣುಮಕ್ಕಳು. ಮಾತಾಡಿದವರು ಒಳ್ಳೆಯ ಮನಸ್ಸಿನಿಂದಲೇ ಮಾತಾಡಿದರು. "ಸಾಲ ವಸೂಲಿಗೆ ಬಂದವರು ಗಲಾಟೆ ಮಾಡಿದರೆ ಹೆದರಬೇಡಿ. ನೀವು ಗ್ರಾಹಕರು. ಗ್ರಾಹಕ ಕೋರ್ಟಿಗೆ ಹಾಕಿ" ಅಂದರು. ಚಪ್ಪಾಳೆ ಬಿತ್ತು. ಅಲ್ಲಿಗೆ ಭಾಷಣ ಮುಗಿಯಿತು. ಹೊರಗೆ ಬಂದರೆ ಒಬ್ಬ ಚೀಟಿ ಹಂಚುತ್ತಿದ್ದ. "ಫೈನಾನ್ಸ್ ಸಾಲ ರದ್ದು ಮಾಡಿಸಿಕೊಡಲಾಗುವುದು" ಅಂತ ಅಚ್ಚಾಗಿತ್ತು, ಕೆಳಗೆ ಫೋನ್ ನಂಬರ್. ನನ್ನ ಕಣ್ಣೆದುರೇ ಏಳೆಂಟು ಜನ ಆ ಚೀಟಿಯನ್ನು ಮಡಚಿ ಪರ್ಸಿನಲ್ಲಿ ಇಟ್ಟುಕೊಂಡರು.

ಇಂಥದೇ ಚೀಟಿಯನ್ನು ನಾನೂ ಒಂದು ಸಲ ಪರ್ಸಿನಲ್ಲಿ ಇಟ್ಟುಕೊಂಡಿದ್ದೆ. ಆಮೇಲೆ ಏನಾಯಿತು ಅನ್ನುವುದನ್ನು ಹೇಳಲೇ ಈ ಪತ್ರ ಬರೆಯುತ್ತಿದ್ದೇನೆ.

2022ರ ಫೆಬ್ರವರಿಯಲ್ಲಿ ಒಂದು ಫೈನಾನ್ಸ್ ಕಂಪನಿಯಿಂದ ಒಂದೂವರೆ ಲಕ್ಷ ಸಾಲ ತೆಗೆದೆ. ಎರಡು ಪವರ್ ಮಷಿನ್, ಒಂದು ಓವರ್‌ಲಾಕ್ ಮಷಿನ್ ಕೊಂಡೆ. ತಿಂಗಳಿಗೆ 6,040 ರೂಪಾಯಿ ಕಂತು, 36 ಕಂತು. ಸಹಿ ಮಾಡಿದ ಎರಡು ಖಾಲಿ ಚೆಕ್ ಇಸ್ಕೊಂಡರು. ಮುದ್ರಿಸಿದ ಕಾಗದ ಪೂರ್ತಿ ಇಂಗ್ಲಿಷಿನಲ್ಲಿತ್ತು. ಎಲ್ಲಿ ಬೆರಳಿಟ್ಟು ತೋರಿಸಿದರೋ ಅಲ್ಲಿ ಸಹಿ ಹಾಕಿದೆ. 18 ಕಂತು ಒಂದು ದಿನವೂ ತಪ್ಪದೆ ಕಟ್ಟಿದೆ. 2023ರ ಆಗಸ್ಟ್ ಕೊನೆಯಲ್ಲಿ ಗಂಡನ ಆಟೋಗೆ ಟಿಪ್ಪರ್ ಗುದ್ದಿ ಕಾಲು ಮುರಿಯಿತು. ಆಸ್ಪತ್ರೆ ಖರ್ಚಿಗೆ ಒಡವೆ ಹೋಯಿತು. ಮೂರು ಕಂತು ನಿಂತವು.

ಅಕ್ಟೋಬರಿನಿಂದ ವಸೂಲಿಯವರು ಬರತೊಡಗಿದರು. ರಾತ್ರಿ ಎಂಟೂವರೆಗೆ ಬಂದು ಜಗುಲಿ ಮೇಲೆ ಕೂರುತ್ತಿದ್ದರು. ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದ್ದ ಗಂಡನಿಗೆ ಕೇಳಿಸುವ ಹಾಗೆ ಬಾಯಿಗೆ ಬಂದದ್ದು ಅನ್ನುತ್ತಿದ್ದರು. ನನ್ನ ನಾದಿನಿಯ ಅತ್ತೆಮನೆಗೆ ಫೋನ್ ಮಾಡಿ ಸಾಲದ ವಿಷಯ ಹೇಳಿದರು. ಸಾಲಕ್ಕೂ ಆ ಮನೆಯವರಿಗೂ ಏನೂ ಸಂಬಂಧ ಇರಲಿಲ್ಲ. ಒಂದು ದಿನ ಮಗಳು ಟ್ಯೂಷನ್‌ನಿಂದ ಬರುವಾಗ ದಾರಿಯಲ್ಲಿ ನಿಲ್ಲಿಸಿ "ನಿಮ್ಮಮ್ಮ ಫೋನ್ ಎತ್ತಲ್ಲ, ನೀನೇ ಹೇಳು" ಅಂದರು. ಅವಳಿಗೆ ಆಗ 14 ವರ್ಷ. ಆ ರಾತ್ರಿ ಅವಳು ಊಟ ಮಾಡಲಿಲ್ಲ. ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿರುವುದು ಅದೊಂದೇ.

ಹೀಗೆ ಮಾಡುವುದು ತಪ್ಪು ಅಂತ ಆಗ ನನಗೆ ಗೊತ್ತಿತ್ತು. ಎಷ್ಟು ತಪ್ಪು, ಯಾವ ನಿಯಮದ ಪ್ರಕಾರ ತಪ್ಪು ಅನ್ನುವುದು ಗೊತ್ತಿರಲಿಲ್ಲ. ರಿಸರ್ವ್ ಬ್ಯಾಂಕು 2022ರ ಆಗಸ್ಟ್ 12ರಂದೇ ಸುತ್ತೋಲೆ ಹೊರಡಿಸಿತ್ತು. ಬೆಳಗ್ಗೆ 8ಕ್ಕೆ ಮುಂಚೆ, ಸಂಜೆ 7ರ ಮೇಲೆ ವಸೂಲಿಗೆ ಫೋನ್ ಮಾಡುವಂತಿಲ್ಲ. ಬಯ್ಯುವಂತಿಲ್ಲ, ಬೆದರಿಸುವಂತಿಲ್ಲ. ಮನೆಯವರನ್ನು, ಸ್ನೇಹಿತರನ್ನು ಗೋಳಾಡಿಸುವಂತಿಲ್ಲ, ಎಲ್ಲರೆದುರು ಮಾನ ಕಳೆಯುವಂತಿಲ್ಲ. ಸಂಘದ ಮೂಲಕ ಕೊಡುವ ಮೈಕ್ರೋಫೈನಾನ್ಸ್ ಸಾಲಕ್ಕೆ ಇನ್ನೂ ಬಿಗಿಯಾದ ನಿಯಮ ಇದೆ. ಅದು 2022ರ ಏಪ್ರಿಲ್ 1ರಿಂದಲೇ ಜಾರಿಯಲ್ಲಿದೆ. ಅಲ್ಲಿ ಹೊತ್ತು ಬೆಳಗ್ಗೆ 9ರಿಂದ ಸಂಜೆ 6ರವರೆಗೆ ಮಾತ್ರ. ವಸೂಲಿಯನ್ನು ಇಬ್ಬರೂ ಒಪ್ಪಿದ ಜಾಗದಲ್ಲಿ ಮಾಡಬೇಕು. ಸಾಲಗಾರರು ಆ ಜಾಗಕ್ಕೆ ಸತತವಾಗಿ ಎರಡು ಸಲ ಬಾರದಿದ್ದರೆ ಮಾತ್ರ ಮನೆಗೆ ಹೋಗಬಹುದು. ತಡವಾದ ಕಂತಿಗೆ ದಂಡ ಹಾಕುವುದಾದರೆ ಆ ಬಾಕಿಯ ಮೇಲೆ ಹಾಕಬೇಕು, ಇಡೀ ಸಾಲದ ಮೇಲೆ ಹಾಕುವಂತಿಲ್ಲ. ನಮ್ಮ ಬೀದಿಯಲ್ಲಿ 22 ಹೆಣ್ಣುಮಕ್ಕಳು ಸಂಘದ ದುಡ್ಡು ತೆಗೆದಿದ್ದಾರೆ. ನಾನು ಓದಿ ಹೇಳುವ ತನಕ ಈ ನಿಯಮ ಅವರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ಇಷ್ಟು ಗೊತ್ತಿದ್ದರೆ ನಾನು ಬೇರೆ ದಾರಿ ಹಿಡಿಯುತ್ತಿದ್ದೆ. ಗೊತ್ತಿಲ್ಲದ್ದಕ್ಕೆ ಆ ಚೀಟಿಯ ನಂಬರಿಗೆ ಫೋನ್ ಮಾಡಿದೆ. ಬಂದವನು ವಕೀಲನಲ್ಲ. "ಸಾಲ ಸಲಹೆಗಾರ" ಅಂದ. 8,000 ರೂಪಾಯಿ ತೆಗೆದುಕೊಂಡು, ಎಲ್ಲರಿಗೂ ಕೊಡುವ ಸಿದ್ಧ ಅರ್ಜಿಯಲ್ಲಿ ನನ್ನ ಹೆಸರು ತುಂಬಿದ. ಜಿಲ್ಲಾ ಗ್ರಾಹಕ ಆಯೋಗಕ್ಕೆ ಹಾಕಿಸಿದ. ನಾಲ್ಕು ಪುಟದ ಆ ಅರ್ಜಿಯ ಕೊನೆಯಲ್ಲಿ ಕೇಳಿದ್ದು ಎರಡೇ. ಸಾಲ ಪೂರ್ತಿ ರದ್ದು ಮಾಡಿ, 10 ಲಕ್ಷ ಪರಿಹಾರ ಕೊಡಿಸಿ. "ಕೇಸ್ ಹಾಕಿ ಆಯ್ತು, ಇನ್ನು ಕಂತು ಕಟ್ಟೋದೇ ಬೇಡ. ಅವರ ಕಡೆಯಿಂದ ಏನೇ ಪೋಸ್ಟ್ ಬಂದರೂ ಸಹಿ ಹಾಕಿ ಇಸ್ಕೋಬೇಡಿ" ಅಂದ. ನಾನು ನಂಬಿದೆ. ಮಾನ್ಯರೇ, ಮಗಳು ಊಟ ಬಿಟ್ಟ ಮನೆಯಲ್ಲಿ ಯಾರಾದರೂ ಬಂದು "ಇದೆಲ್ಲ ನಿಲ್ಲಿಸುತ್ತೇನೆ" ಅಂದರೆ ನಂಬದೆ ಇರುವುದು ಕಷ್ಟ.

ಮುಂದೆ ಆದದ್ದು ಹೀಗೆ.

2024ರ ಜನವರಿಯಲ್ಲಿ ಕಂಪನಿಯವರು ನನ್ನ ಖಾಲಿ ಚೆಕ್ಕಿನಲ್ಲಿ 1,24,600 ಅಂತ ತುಂಬಿ ಬ್ಯಾಂಕಿಗೆ ಹಾಕಿದರು. ಬೌನ್ಸ್ ಆಯಿತು. ನೋಟಿಸು ರಿಜಿಸ್ಟರ್ ಪೋಸ್ಟಿನಲ್ಲಿ ಬಂತು. ಅವನು ಹೇಳಿದ ಹಾಗೆ ವಾಪಸ್ ಕಳಿಸಿದೆ. ಸರಿಯಾದ ವಿಳಾಸಕ್ಕೆ ಬಂದ ನೋಟಿಸನ್ನು ಬೇಡ ಅಂದರೂ ಅದು ಮುಟ್ಟಿದ ಹಾಗೇ ಲೆಕ್ಕ. ಅದು ನನಗೆ ಗೊತ್ತಿರಲಿಲ್ಲ. ಉತ್ತರ ಕೊಡಲು, ದುಡ್ಡು ಹೊಂದಿಸಲು ಇದ್ದ 15 ದಿನ ಸುಮ್ನೆ ಕಳೆದುಹೋಯಿತು. ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಕೇಸಾಯಿತು. ಚೆಕ್ ಬೌನ್ಸ್ ಕೇಸಿನಲ್ಲಿ ಎರಡು ವರ್ಷದವರೆಗೆ ಜೈಲು ಆಗಬಹುದು, ಚೆಕ್ಕಿನ ಮೊತ್ತದ ಎರಡರಷ್ಟು ದಂಡ ಬೀಳಬಹುದು. ಗ್ರಾಹಕ ಆಯೋಗದಲ್ಲಿ ನನ್ನ ದೂರು ಇದೆ ಅನ್ನುವ ಕಾರಣಕ್ಕೆ ಅದು ನಿಲ್ಲುವುದಿಲ್ಲ. ಖಾಲಿ ಚೆಕ್ಕಿಗೆ ಅವರೇ ಮೊತ್ತ ತುಂಬಿಕೊಂಡರು ಅಂತ ವಾದ ಮಾಡಬಹುದು ಅಂದುಕೊಂಡಿದ್ದೆ. ಸಹಿ ನಿಮ್ಮದೇ ಆಗಿದ್ದರೆ ಬರೀ ಆ ವಾದ ಸಾಲದು ಅಂತ ಸುಪ್ರೀಂ ಕೋರ್ಟ್ 2019ರಲ್ಲೇ ಹೇಳಿದೆಯಂತೆ. ಅಷ್ಟು ಸಾಲ ಇರಲಿಲ್ಲ ಅಂತ ತೋರಿಸುವ ಹೊರೆ ನಮ್ಮ ಮೇಲೇ ಬೀಳುತ್ತದೆ.

ಯಾರೋ, ಬ್ಯಾಂಕು, ಫೈನಾನ್ಸ್ ಕಂಪನಿಗಳ ಮೇಲಿನ ದೂರು ನೋಡುವ ಅಧಿಕಾರಿಯಾದ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಬರೆಯಿರಿ ಅಂದರು. ಬರೆದೆ. ಎರಡು ಕಾರಣಕ್ಕೆ ಅದು ಮುಂದೆ ಹೋಗಲಿಲ್ಲ. ಮೊದಲು ಕಂಪನಿಗೇ ಲಿಖಿತ ದೂರು ಕೊಟ್ಟು 30 ದಿನ ಕಾಯಬೇಕಿತ್ತು, ನಾನು ಕೊಟ್ಟಿರಲಿಲ್ಲ. ಅದೂ ಅಲ್ಲದೆ ಅದೇ ವಿಷಯ ಬೇರೆ ಕೋರ್ಟು, ಆಯೋಗದ ಮುಂದೆ ಇದ್ದರೆ ಒಂಬುಡ್ಸ್‌ಮನ್ ತೆಗೆದುಕೊಳ್ಳುವುದಿಲ್ಲ. ಒಂಬುಡ್ಸ್‌ಮನ್‌ಗೆ ಖರ್ಚಿಲ್ಲ, ವಕೀಲರು ಬೇಕಿಲ್ಲ, ಮನೆಯಿಂದಲೇ ದೂರು ಕೊಡಬಹುದು. ನಮ್ಮಂಥವರಿಗೆ ಎಲ್ಲಕ್ಕಿಂತ ಹತ್ತಿರದ ಬಾಗಿಲು ಅದು. ಅದನ್ನು ನನ್ನ ಕೈಯಾರೆ ಮುಚ್ಚಿಕೊಂಡಿದ್ದೆ. ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದನ್ನು ಯಾವ ಸಭೆಯಲ್ಲೂ ಯಾರೂ ಹೇಳಿಕೊಟ್ಟಿರಲಿಲ್ಲ.

ಗ್ರಾಹಕ ಆಯೋಗದಲ್ಲಿ ಕೇಳಿದ ಮೊದಲ ಪ್ರಶ್ನೆಗೇ ನಾನು ತಲೆ ತಗ್ಗಿಸಿದೆ. "ಕಿರುಕುಳಕ್ಕೆ ಏನು ಸಾಕ್ಷಿ ಇದೆ?" ನನ್ನ ಹತ್ತಿರ ಏನೂ ಇರಲಿಲ್ಲ. ಹಳೇ ಫೋನ್ ಒಡೆದು ಹೋಗಿತ್ತು. ಬಂದವರ ಹೆಸರು ಗೊತ್ತಿರಲಿಲ್ಲ. ಗುರುತಿನ ಚೀಟಿ, ಕಂಪನಿಯ ಅಧಿಕಾರ ಪತ್ರ ತೋರಿಸಿ ಅಂತ ಒಂದು ಸಲವೂ ಕೇಳಿರಲಿಲ್ಲ. ಎರಡನೆಯ ಪ್ರಶ್ನೆ ಇನ್ನೂ ಗಟ್ಟಿ. ನೀವು ಸಾಲ ತೆಗೆದಿದ್ದು ಹೌದಲ್ವಾ, ಅದನ್ನು ಯಾವ ಕಾರಣಕ್ಕೆ ರದ್ದು ಮಾಡಬೇಕು? ಮೂರನೆಯದನ್ನು ಕಂಪನಿಯ ವಕೀಲರು ಎತ್ತಿದರು. ಸಿದ್ಧ ಅರ್ಜಿಯಲ್ಲಿ "ವ್ಯಾಪಾರ ವಿಸ್ತರಣೆ ಮತ್ತು ಲಾಭಕ್ಕಾಗಿ" ಸಾಲ ಪಡೆದೆ ಅಂತ ಬರೆದಿತ್ತು. ವ್ಯಾಪಾರದ ಲಾಭಕ್ಕೆ ಸೇವೆ ಪಡೆದವರು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಗ್ರಾಹಕರೇ ಅಲ್ಲ. ಹೊಟ್ಟೆಪಾಡಿಗೆ ತಾನೇ ದುಡಿಯುವವರಿಗೆ ಅದೇ ಕಾಯ್ದೆ ವಿನಾಯಿತಿ ಕೊಡುತ್ತದೆ. ನಾನು ಆ ವಿನಾಯಿತಿಗೆ ಸೇರಿದವಳು. ನನ್ನ ಅರ್ಜಿಯೇ ನನ್ನನ್ನು ಅದರಿಂದ ಹೊರಗೆ ಹಾಕಿತ್ತು.

ಅಲ್ಲಿಂದ ನನ್ನನ್ನು ಎತ್ತಿದವರು ತಾಲೂಕು ಕಾನೂನು ಸೇವಾ ಸಮಿತಿಯ ವಕೀಲೆ. ಅವರಿಗೆ ನಾನು ಒಂದು ರೂಪಾಯಿ ಕೊಡಲಿಲ್ಲ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಹಕ್ಕು ಅಂತ 1987ರ ಕಾಯ್ದೆಯಲ್ಲೇ ಇದೆ. ಕೋರ್ಟಿನ ಕಾಂಪೌಂಡಿನಲ್ಲೇ ಅವರ ಕೋಣೆ. ಬಸ್‌ಸ್ಟ್ಯಾಂಡಿನಿಂದ ನಡೆದುಕೊಂಡು ಹೋಗಬಹುದು. 8,000 ಕೊಟ್ಟು ತಪ್ಪು ದಾರಿ ಹಿಡಿದ ನನಗೆ, ಸರಿಯಾದ ದಾರಿ ಅಷ್ಟು ಹತ್ತಿರ ಪುಕ್ಕಟೆ ಇತ್ತು ಅಂತ ಗೊತ್ತಾದ ದಿನ ಅಳು ಬಂತು.

ಅವರು ಮೊದಲು ಮಾಡಿದ್ದು ಸಾಲವನ್ನೂ ಕಿರುಕುಳವನ್ನೂ ಬೇರೆ ಬೇರೆ ಮಾಡಿದ್ದು. ಒಂದು ಹಾಳೆ ತೆಗೆದುಕೊಂಡು ನಡುವೆ ಗೆರೆ ಎಳೆದರು. ಈ ಕಡೆ ನಾನು ಕೊಡಬೇಕಾದ್ದು, ಆ ಕಡೆ ಅವರು ಮಾಡಬಾರದ್ದು. "ಈ ಎರಡನ್ನೂ ಒಂದೇ ಅರ್ಜಿಯಲ್ಲಿ ಕಲಸಬೇಡಿ. ಕಲಸಿದರೆ, ಸಾಲ ಕಟ್ಟದೆ ತಪ್ಪಿಸಿಕೊಳ್ಳಲು ಸುಳ್ಳು ಹೇಳುತ್ತಿದ್ದಾಳೆ ಅನ್ನುವುದು ಅವರಿಗೆ ಸುಲಭ" ಅಂದರು. ನನ್ನ ಮಗಳನ್ನು ದಾರಿಯಲ್ಲಿ ನಿಲ್ಲಿಸಿದ್ದು ನಿಜ. ನಾನು ಸಾಲ ತೆಗೆದದ್ದೂ ನಿಜ. ಒಂದು ಹೇಳಲು ಇನ್ನೊಂದನ್ನು ಮುಚ್ಚಿಡಬೇಕಾಗಿಲ್ಲ ಅಂತ ಅವರು ಹೇಳಿದಾಗ ಎದೆ ಮೇಲಿನ ಕಲ್ಲು ಇಳಿದ ಹಾಗಾಯಿತು. ಅಲ್ಲಿಯವರೆಗೆ ಗೆಲ್ಲಬೇಕಾದರೆ ಸಾಲ ತೆಗೆದೇ ಇಲ್ಲ ಅನ್ನುವ ಹಾಗೆ ಮಾತಾಡಬೇಕು ಅಂದುಕೊಂಡಿದ್ದೆ.

ಹಳೇ ದೂರನ್ನು, ಮತ್ತೆ ಹಾಕುವ ಅವಕಾಶ ಉಳಿಸಿಕೊಂಡು, ವಾಪಸ್ ತೆಗೆದುಕೊಂಡೆವು. ಕಂಪನಿಯ ದೂರು ಅಧಿಕಾರಿಗೆ ರಿಜಿಸ್ಟರ್ ಪೋಸ್ಟಿನಲ್ಲಿ ಕಾಗದ ಬರೆದೆವು. ಸಾಲದ ಲೆಕ್ಕದ ಪ್ರತಿ ಕೊಡಿ, ವಸೂಲಿಗೆ ಯಾವ ಏಜೆನ್ಸಿ ನೇಮಿಸಿದ್ದೀರಿ ಹೇಳಿ, ಇಂಥ ದಿನ ಇಷ್ಟು ಹೊತ್ತಿಗೆ ಹೀಗಾಯಿತು ಅಂತ. ಒಂದೂ ಬೈಗುಳ ಇಲ್ಲ, ಒಂದೂ ಉತ್ಪ್ರೇಕ್ಷೆ ಇಲ್ಲ. ಲೆಕ್ಕದ ಪ್ರತಿ ಬಂದಾಗ ನೋಡಿದರೆ ಅಸಲು ಬಾಕಿ ಇದ್ದದ್ದು 89,000 ಚಿಲ್ಲರೆ. ಮಿಕ್ಕಿದ್ದು ಬಡ್ಡಿ, ದಂಡ, ಮನೆಗೆ ಬಂದು ಹೋದ ಖರ್ಚು. ದಂಡದ ಮೇಲೂ ಬಡ್ಡಿ ಹಾಕಿದ್ದರು. ದಂಡವನ್ನು ಬಡ್ಡಿಯ ರೂಪದಲ್ಲಿ ಹಾಕಬಾರದು, ಅದರ ಮೇಲೆ ಮತ್ತೆ ಬಡ್ಡಿ ಹಾಕಬಾರದು ಅಂತ ರಿಸರ್ವ್ ಬ್ಯಾಂಕು 2023ರ ಆಗಸ್ಟಿನಲ್ಲೇ ಹೇಳಿದೆ. ಹಳೇ ಸಾಲಗಳಿಗೂ ಅದು 2024ರಲ್ಲಿ ಜಾರಿಯಾಯಿತು.

ಚೆಕ್ ಕೇಸು 2024ರ ಸೆಪ್ಟೆಂಬರ್‌ನ ಲೋಕ ಅದಾಲತ್‌ನಲ್ಲಿ 92,000ಕ್ಕೆ ರಾಜಿಯಾಯಿತು. ತಿಂಗಳಿಗೆ 5,750ರ ಹಾಗೆ 16 ಕಂತು. ರಾಜಿ ಕಾಗದದ ಕೊನೆಯಲ್ಲಿ "ಸಾಲಗಾರರು ಬೇರೆಲ್ಲ ದೂರುಗಳನ್ನು ಬಿಟ್ಟುಕೊಡುತ್ತಾರೆ" ಅನ್ನುವ ಒಂದು ಸಾಲು ಇತ್ತು. ವಕೀಲೆ ಅದನ್ನು ಓದಿ, ಹೊಡೆದು ಹಾಕಿಸಿ, ಆಮೇಲೆ ಸಹಿ ಮಾಡಲು ಬಿಟ್ಟರು. ಲೋಕ ಅದಾಲತ್ ತೀರ್ಮಾನದ ಮೇಲೆ ಅಪೀಲು ಇಲ್ಲ. ಆ ಒಂದು ಸಾಲು ಉಳಿದಿದ್ದರೆ ಮಗಳ ವಿಷಯದ ದೂರು ಅಲ್ಲೇ ಮುಗಿಯುತ್ತಿತ್ತು. ಅಂದು ಸಾಲಿನಲ್ಲಿ ನಿಂತಿದ್ದವರು ಎಷ್ಟು ಜನ ಓದದೆ ಸಹಿ ಮಾಡಿದರೋ.

ಗ್ರಾಹಕ ಆಯೋಗಕ್ಕೆ ಎರಡನೆಯ ದೂರನ್ನು ಎರಡು ವರ್ಷದ ಗಡುವಿನ ಒಳಗೇ ಹಾಕಿದೆವು. 5 ಲಕ್ಷದವರೆಗಿನ ದೂರಿಗೆ ಶುಲ್ಕ ಇಲ್ಲ. ಈ ಸಲ ಎರಡೂವರೆ ಪುಟ. ಕೇಳಿದ್ದು ಕಿರುಕುಳಕ್ಕೆ ಪರಿಹಾರ ಮಾತ್ರ. ಫೋನ್ ಕಂಪನಿಯಿಂದ ತೆಗೆಸಿದ ಕರೆಗಳ ಪಟ್ಟಿ, ಎದುರು ಮನೆಯವರ ಪ್ರಮಾಣಪತ್ರ, ನಾದಿನಿಯ ಅತ್ತೆಯವರ ಹೇಳಿಕೆ, ಕಂಪನಿಗೆ ಬರೆದ ಕಾಗದ, ಅದರ ಅಂಚೆ ರಸೀತಿ ಇಟ್ಟೆವು. 2025ರಲ್ಲಿ ತೀರ್ಪಾಯಿತು. ಪರಿಹಾರ 15,000, ಖರ್ಚು 5,000. ಹತ್ತು ಲಕ್ಷ ಕೇಳಿದ್ದವಳಿಗೆ ಇದು ಸಣ್ಣದು ಅನ್ನಿಸಬಹುದು. ತೀರ್ಪಿನ ಪ್ರತಿಯಲ್ಲಿ ಒಂದು ಕಡೆ, ಚಿಕ್ಕ ಹುಡುಗಿಯನ್ನು ದಾರಿಯಲ್ಲಿ ತಡೆದದ್ದು ಸೇವೆಯ ಲೋಪ ಅಂತ ಬರೆದಿದೆ. ಅದನ್ನು ಮಗಳಿಗೆ ಓದಿ ಹೇಳಿದೆ. ನನಗೆ ಆ ಸಾಲೇ ಹತ್ತು ಲಕ್ಷ. ರಾಜಿಯ ಕಂತೂ ಮುಗಿಯಿತು. ಬಾಕಿ ಇಲ್ಲ ಅನ್ನುವ ಪತ್ರ ಕೈಯಲ್ಲಿದೆ. ಯಾರು ಸಾಲ ಹೇಗೆ ಕಟ್ಟಿದರು ಅಂತ ತೋರಿಸುವ ಕ್ರೆಡಿಟ್ ರಿಪೋರ್ಟಿನಲ್ಲಿ ಮಾತ್ರ "ಸೆಟಲ್ಡ್", ಅಂದರೆ ರಾಜಿಯಲ್ಲಿ ಮುಗಿದದ್ದು, ಅಂತ ಬಿದ್ದಿದೆ. ಪೂರ್ತಿ ಕಟ್ಟಿ ಮುಗಿಸಿದವರಿಗೂ ರಾಜಿ ಮಾಡಿಕೊಂಡವರಿಗೂ ಬ್ಯಾಂಕಿನವರ ಕಣ್ಣಲ್ಲಿ ವ್ಯತ್ಯಾಸ ಇದೆ ಅನ್ನುವುದನ್ನೂ ಮೊದಲೇ ತಿಳಿಸಿದ್ದರೆ ಚೆನ್ನಾಗಿರುತ್ತಿತ್ತು.

ಮಾನ್ಯರೇ, ಇದು ನನ್ನೊಬ್ಬಳ ಕಥೆಯಾಗಿದ್ದರೆ ನಿಮಗೆ ತೊಂದರೆ ಕೊಡುತ್ತಿರಲಿಲ್ಲ. 2025ರ ಜನವರಿಯಲ್ಲಿ ನಮ್ಮ ರಾಜ್ಯದಲ್ಲಿ ಏನಾಯಿತು ಅನ್ನುವುದನ್ನು ಎಲ್ಲರೂ ನೋಡಿದ್ದೇವೆ. ಚಾಮರಾಜನಗರದ ಕಡೆ ಮನೆಗೆ ಬೀಗ ಹಾಕಿ ಊರು ಬಿಟ್ಟರು. ಹಾವೇರಿಯ ಹೆಣ್ಣುಮಕ್ಕಳು ಮಾಂಗಲ್ಯವನ್ನು ಅಂಚೆಯಲ್ಲಿ ಮುಖ್ಯಮಂತ್ರಿಗಳಿಗೆ ಕಳಿಸಿದರು. ಪ್ರಾಣ ಕಳೆದುಕೊಂಡವರೂ ಇದ್ದಾರೆ. ಸರ್ಕಾರ ಸುಗ್ರೀವಾಜ್ಞೆ ಬರೆದು ಕಳಿಸಿತು. ರಾಜ್ಯಪಾಲರು ಒಂದು ಸಲ ವಾಪಸ್ ಕಳಿಸಿದರು. ಮತ್ತೆ ಹೋಗಿ ಫೆಬ್ರವರಿ 12ಕ್ಕೆ ಜಾರಿಯಾಯಿತು. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಆ ಕಾನೂನು ಬೇಕಿತ್ತು. ಅದನ್ನು ತಂದವರಿಗೆ ನಮಸ್ಕಾರ.

ಆದರೆ ಅದರ ಸುದ್ದಿ ನಮ್ಮ ಬೀದಿಗೆ ಬರುವ ಹೊತ್ತಿಗೆ "ಸಾಲ ಎಲ್ಲ ಮನ್ನಾ" ಅಂತಾಗಿತ್ತು. ನೋಂದಣಿ, ಲೈಸೆನ್ಸು ಯಾವುದೂ ಇಲ್ಲದವರು ಬಡವರಿಗೆ ಕೊಟ್ಟ ಸಾಲಕ್ಕೆ ಮಾತ್ರ ಆ ಮಾತು ಅನ್ವಯ. ರಿಸರ್ವ್ ಬ್ಯಾಂಕಿನಲ್ಲಿ ನೋಂದಣಿ ಆದ ಬ್ಯಾಂಕು, ಫೈನಾನ್ಸ್ ಕಂಪನಿಗಳು ಆ ಕಾನೂನಿನ ಹೊರಗೆ. ನಮ್ಮ ಬೀದಿಯ ಹೆಚ್ಚಿನ ಸಾಲ ಇಂಥ ಕಂಪನಿಗಳದೇ. ಮನ್ನಾ ಆಯಿತು ಅಂತ ನಂಬಿ ಐದು ಮನೆಯವರು ನಾಲ್ಕು ತಿಂಗಳು ಕಂತು ನಿಲ್ಲಿಸಿದರು. ದಂಡ ಬೆಳೆಯಿತು. ಗುಂಪಿನ ಬೇರೆ ಹೆಣ್ಣುಮಕ್ಕಳ ಮೇಲೆ ಒತ್ತಡ ಬಿತ್ತು. ಇಪ್ಪತ್ತು ವರ್ಷದಿಂದ ಒಬ್ಬರ ಮನೆ ಸಾರು ಇನ್ನೊಬ್ಬರು ಉಂಡವರು ಈಗ ಮುಖ ನೋಡುವುದಿಲ್ಲ. ಅರ್ಧ ತಿಳಿದ ಕಾನೂನು ಬಡವರ ಮನೆಯಲ್ಲಿ ಮಾಡುವ ಹಾನಿ ಇದು.

ಇನ್ನೊಂದು ಮಾತು. ವಸೂಲಿಗೆ ಬರುವವರೂ ನಮ್ಮ ಹುಡುಗರೇ. ನನ್ನ ಜಗುಲಿ ಮೇಲೆ ಕೂರುತ್ತಿದ್ದವರಲ್ಲಿ ಒಬ್ಬ ಹುಲ್ಲಹಳ್ಳಿ ಕಡೆಯವನು, ಡಿಪ್ಲೊಮಾ ಓದಿದ್ದವನು. ತಿಂಗಳ ಗುರಿ ಮುಟ್ಟದಿದ್ದರೆ ಅವನ ಸಂಬಳ ಕಡಿತ. ಅವನು ಮಾಡಿದ್ದನ್ನು ನಾನು ಮನ್ನಿಸಿಲ್ಲ. ಆದರೂ ಈಚೆಗೆ ಇಂಥ ಹುಡುಗರನ್ನು ಹಿಡಿದು ಕೂಡಿ ಹಾಕುವುದು, ಹೊಡೆಯುವುದು, ಫೋಟೋ ತೆಗೆದು ವಾಟ್ಸಾಪಿನಲ್ಲಿ "ಕಳ್ಳ" ಅಂತ ಹಂಚುವುದು ನೋಡುತ್ತಿದ್ದೇನೆ. ಅದು ತಪ್ಪು. ಕಾನೂನಿನ ಕಣ್ಣಲ್ಲೂ ತಪ್ಪು. ಅಲ್ಲಿಯವರೆಗೆ ದೂರು ಕೊಡಬೇಕಾದವರು ಅಲ್ಲಿಂದ ಮುಂದೆ ಆರೋಪಿಗಳಾಗುತ್ತಾರೆ. ಜೀವ ಬೆದರಿಕೆ ಹಾಕಿದರೆ 112ಕ್ಕೆ ಫೋನ್ ಮಾಡಬೇಕು, ಪೊಲೀಸ್ ದೂರು ಕೊಡಬೇಕು. ಆ ದೂರಿನಲ್ಲೂ ನಡೆದದ್ದನ್ನಷ್ಟೇ ಬರೆಯಬೇಕು. ಕೈ ಮುಟ್ಟದಿದ್ದರೂ ಹೊಡೆದರು ಅಂತ ಬರೆಸಿ, ಆಮೇಲೆ ಸಿಸಿಟಿವಿ ನೋಡಿದಾಗ ಇಡೀ ದೂರೇ ಬಿದ್ದುಹೋದದ್ದನ್ನು ನಮ್ಮ ಪಕ್ಕದ ಬೀದಿಯಲ್ಲೇ ಕಂಡಿದ್ದೇನೆ. ಆ ಮನೆಗೆ ಆದ ನಿಜವಾದ ಕಿರುಕುಳವನ್ನು ಆಮೇಲೆ ಯಾರೂ ನಂಬಲಿಲ್ಲ.

ನನ್ನ ಅಂಗಡಿಗೆ ಬರುವವರಿಗೆ ಈಗ ನಾನು ಹೇಳುವುದು ಇಷ್ಟೇ. ಮೊದಲು ಸಾಲ ಕೊಟ್ಟವರು ಯಾರು ಅಂತ ಕಾಗದದಲ್ಲಿ ನೋಡಿಕೊಳ್ಳಿ. ರಿಸರ್ವ್ ಬ್ಯಾಂಕಿನ ಪಟ್ಟಿಯಲ್ಲಿ ಇದ್ದಾರಾ, ಇಲ್ಲವಾ ಅನ್ನುವುದರ ಮೇಲೆ ಮುಂದಿನ ದಾರಿ ನಿಂತಿದೆ. ಇಲ್ಲದವರಾದರೆ ರಿಸರ್ವ್ ಬ್ಯಾಂಕಿನವರು ದೂರಿಗೆ ಅಂತ ಇಟ್ಟಿರುವ ಸಚೇತ್ ಪೋರ್ಟಲ್‌ನಲ್ಲಿ, ಜಿಲ್ಲಾಧಿಕಾರಿ ಕಚೇರಿಯಲ್ಲಿ ದೂರು ಕೊಡಿ. ಇರುವವರಾದರೆ ಮೊದಲು ಕಂಪನಿಗೆ ಕಾಗದ. 30 ದಿನ ಕಾಯಿರಿ. ಆಮೇಲೆ ಒಂಬುಡ್ಸ್‌ಮನ್‌ಗೆ ಹೋಗುವುದಾ, ಗ್ರಾಹಕ ಆಯೋಗಕ್ಕಾ ಅನ್ನುವುದನ್ನು ವಕೀಲರ ಜೊತೆ ಕೂತು ಯೋಚಿಸಿ. ಒಂಬುಡ್ಸ್‌ಮನ್ ಬಗ್ಗೆ ತಿಳಿಯಲು 14448 ಇದೆ. ಕನ್ನಡದಲ್ಲೂ ಮಾತಾಡಬಹುದು. ಕಟ್ಟಲು ಆಗುವಷ್ಟನ್ನು ಕಟ್ಟುತ್ತಾ ಇರಿ, ರಸೀತಿ ಇಲ್ಲದೆ ಒಂದು ರೂಪಾಯಿಯೂ ಕೊಡಬೇಡಿ. ಕೋರ್ಟಿನಿಂದ, ವಕೀಲರಿಂದ ಏನೇ ಬಂದರೂ ತೆಗೆದುಕೊಳ್ಳಿ, ತೆಗೆದುಕೊಂಡ ದಿನವೇ ಓದಿಸಿಕೊಳ್ಳಿ. ಬಹಳ ಹಳೆಯ ಸಾಲವಾಗಿದ್ದರೆ ಮಾತ್ರ ಸ್ವಲ್ಪ ನಿಲ್ಲಿ. ಸಾಲದ ದಾವೆಗೆ ಸಾಮಾನ್ಯವಾಗಿ ಮೂರು ವರ್ಷದ ಗಡುವು. ಅದು ಮುಗಿಯುವ ಮುಂಚೆ "ಬಾಕಿ ಇದೆ" ಅಂತ ಬರೆದು ಸಹಿ ಮಾಡಿಕೊಟ್ಟರೆ ಗಡುವು ಮತ್ತೆ ಮೊದಲಿಂದ ಶುರುವಾಗುತ್ತದೆ. ಅಂಥ ಕಾಗದಕ್ಕೆ ಸಹಿ ಹಾಕುವ ಮೊದಲು ಉಚಿತ ನೆರವಿನ ವಕೀಲರಿಗೆ ತೋರಿಸಿ.

ಇದನ್ನು ಹೊಲಿಗೆ ಮಷಿನ್ ಪಕ್ಕ ಕೂತು ನಾನು ಒಬ್ಬೊಬ್ಬರಿಗೆ ಹೇಳುತ್ತಿದ್ದೇನೆ. ನೀವು ಹೇಳಿದರೆ ಇಡೀ ರಾಜ್ಯಕ್ಕೆ ಕೇಳಿಸುತ್ತದೆ. ಅದಕ್ಕೇ ಕೆಲವು ಕೋರಿಕೆ.

ಸಾಲದ ವಿಷಯದ ಅರಿವು ಸಭೆಗಳಲ್ಲಿ ಹಕ್ಕಿನ ಜೊತೆ ಅದರ ಮಿತಿಯನ್ನೂ ಹೇಳಿಸಿ. ಗ್ರಾಹಕ ಆಯೋಗ ಏನು ಮಾಡಬಲ್ಲದು, ಏನು ಮಾಡಲಾರದು, ಚೆಕ್ ಕೇಸು ಅದರಿಂದ ನಿಲ್ಲುವುದಿಲ್ಲ ಅನ್ನುವುದನ್ನು ಅದೇ ವೇದಿಕೆಯಲ್ಲಿ, ಅದೇ ದನಿಯಲ್ಲಿ ಹೇಳಲಿ. ಚಪ್ಪಾಳೆ ಕಡಿಮೆ ಬೀಳಬಹುದು. ಪರವಾಗಿಲ್ಲ.

ಪ್ರತಿ ತಾಲೂಕು ಸಮಿತಿಯಲ್ಲಿ ವಾರಕ್ಕೊಂದು ದಿನ ಸಾಲದ ಕಾಗದ ಓದಿ ಹೇಳುವ ವಕೀಲರು ಕೂರಲಿ. ಸಂತೆಯ ದಿನವಾದರೆ ಒಳ್ಳೆಯದು. ಹಳ್ಳಿಯಿಂದ ಬರುವ ಹೆಣ್ಣುಮಕ್ಕಳಿಗೆ ಬೇರೆ ದಿನ ಬಸ್ ಚಾರ್ಜೂ ಕೂಲಿಯೂ ಎರಡೂ ಹೋಗುತ್ತವೆ. ಕೇಸು ಹಾಕುವ ಮುಂಚೆ ಸಿಗುವ ಅರ್ಧ ಗಂಟೆಯ ಸಲಹೆಯೇ ನಮಗೆ ಜಾಸ್ತಿ ಬೇಕಾದದ್ದು. ನಿಮ್ಮ ಉಚಿತ ಸಹಾಯವಾಣಿ 15100 ಅನ್ನುವುದನ್ನು ಪ್ರತಿ ಪಂಚಾಯಿತಿ, ಅಂಗನವಾಡಿ, ಹಾಲಿನ ಡೇರಿಯ ಗೋಡೆ ಮೇಲೆ ಬರೆಸಿ. "ಸಾಲ ರದ್ದು" ಚೀಟಿಗಳು ಅಂಟಿರುವುದು ಆ ಗೋಡೆಗಳ ಮೇಲೇ.

ಲೋಕ ಅದಾಲತ್‌ನಲ್ಲಿ ಸಾಲದ ರಾಜಿಗೆ ಸಹಿ ಮಾಡಿಸುವ ಮುಂಚೆ ಆ ಕಾಗದವನ್ನು ಕನ್ನಡದಲ್ಲಿ ಓದಿ ಹೇಳುವುದು ಕಡ್ಡಾಯವಾಗಲಿ. ಸಾಲಗಾರರ ಜೊತೆ ವಕೀಲರು ಇಲ್ಲದಿದ್ದರೆ ಅಲ್ಲೇ ಒಬ್ಬರನ್ನು ಕೊಡಿ.

ಜಿಲ್ಲಾಧಿಕಾರಿಗಳಲ್ಲಿ ಒಂದು ಕೋರಿಕೆ. ನಿಮ್ಮ ಜಿಲ್ಲೆಯಲ್ಲಿ ಸಾಲ ಕೊಡುತ್ತಿರುವವರಲ್ಲಿ ಯಾರು ರಿಸರ್ವ್ ಬ್ಯಾಂಕಿನಲ್ಲಿ ನೋಂದಣಿ ಆದವರು, ಯಾರು ರಾಜ್ಯದ ಕಾನೂನಿನಲ್ಲಿ ನೋಂದಣಿ ಆದವರು, ಯಾರು ಎರಡೂ ಇಲ್ಲದವರು ಅನ್ನುವ ಪಟ್ಟಿಯನ್ನು ಕನ್ನಡದಲ್ಲಿ ಪಂಚಾಯಿತಿ ಬೋರ್ಡಿಗೆ ಹಾಕಿಸಿ. ಮೂರು ತಿಂಗಳಿಗೊಮ್ಮೆ ಹೊಸದು ಮಾಡಿಸಿ. ದುಡ್ಡು ತೆಗೆದುಕೊಂಡು ಸಾಲ ರದ್ದು ಮಾಡಿಸುತ್ತೇವೆ ಅನ್ನುವವರ ಮೇಲೂ ಕ್ರಮ ಆಗಲಿ. ವಸೂಲಿಯವರ ಕೈಗೆ ಸಿಗದೆ ಉಳಿದ ಕೊನೆಯ ದುಡ್ಡನ್ನು ಇವರು ತೆಗೆದುಕೊಂಡು ಹೋಗುತ್ತಿದ್ದಾರೆ.

ಸಾಲ ಕೊಡುವ ಕಂಪನಿಗಳ ಬಗ್ಗೆಯೂ ಒಂದು ಮಾತು. 2024ರ ಅಕ್ಟೋಬರಿನಿಂದ ಹೊಸ ಸಾಲಗಳಿಗೆ ಬಡ್ಡಿ, ಖರ್ಚು, ವಸೂಲಿಯ ವಿವರ ಎಲ್ಲ ಇರುವ ಮುಖ್ಯ ಸಂಗತಿಗಳ ಹಾಳೆಯನ್ನು ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲೇ ಕೊಡಬೇಕು. ನಮ್ಮ ಬೀದಿಗೆ ಈಗಲೂ ಇಂಗ್ಲಿಷ್ ಹಾಳೆ ಬರುತ್ತಿದೆ. ಅದನ್ನು ಯಾರು ನೋಡುತ್ತಾರೋ ಅವರಿಗೆ ಈ ಸಂಗತಿ ಮುಟ್ಟಿಸಿ.

ನನ್ನ ಹತ್ತಿರ ಮೂರು ಕಾಗದ ಇವೆ. ತಪ್ಪಾದ ಮೊದಲ ಅರ್ಜಿ, ಕಂಪನಿಗೆ ಬರೆದ ಕಾಗದ, ಗೆದ್ದ ಎರಡನೆಯ ಅರ್ಜಿ. ಮೂರನ್ನೂ ಜೆರಾಕ್ಸ್ ಮಾಡಿಸಿ ಈ ಪತ್ರದ ಜೊತೆ ಕಳಿಸಿದ್ದೇನೆ. ಮುಂದಿನ ಅರಿವು ಸಭೆಗೆ ನನ್ನನ್ನು ಕರೆದರೆ ಬರುತ್ತೇನೆ. ಮೂರನ್ನೂ ಒಂದರ ಪಕ್ಕ ಒಂದು ಇಟ್ಟು ತೋರಿಸುತ್ತೇನೆ. ಬುಧವಾರ ಬಿಟ್ಟು ಬೇರೆ ಯಾವ ದಿನವಾದರೂ ಆಗುತ್ತದೆ. ಬುಧವಾರ ಮಗಳ ಕಾಲೇಜಿಗೆ ಊಟ ತೆಗೆದುಕೊಂಡು ಹೋಗಬೇಕು.

ಇಂತಿ ತಮ್ಮ ವಿಶ್ವಾಸಿ,
ನಂಜನಗೂಡು ತಾಲೂಕಿನ ಒಬ್ಬ ಹೊಲಿಗೆ ಕೆಲಸದವಳು